ಅಳತೆಪಟ್ಟಿಗೆ ಸಿಕ್ಕ ಕಾಲ

ಅರ್ಧ ಸೆಕೆಂಡಿನ ಉದ್ದ 19 ಸೆಂಟಿಮೀಟರು. 1970ರ ದಶಕದ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ಈ ಮಾತು ವಿಚಿತ್ರ ಅನಿಸುತ್ತಿರಲಿಲ್ಲ. ಅಲ್ಲಿನ ಟೇಪು ಸೆಕೆಂಡಿಗೆ 15 ಇಂಚಿನಂತೆ, ಅಂದರೆ 38.1 ಸೆಂ.ಮೀ.ನಂತೆ ಓಡುತ್ತಿತ್ತು. ಸದ್ದು ಒಮ್ಮೆ ಟೇಪಿಗೆ ಇಳಿಯಿತೆಂದರೆ ಅದರ ಕಾಲವನ್ನು ಅಳೆಯಲು ಗಡಿಯಾರ ಬೇಕಿಲ್ಲ, ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿರುವ ಸ್ಕೇಲು ಸಾಕು. ಬ್ಲೇಡಿನಿಂದ ಕತ್ತರಿಸಬಹುದು, ಅಂಟಿಸಬಹುದು, ತಿರುಗುಮುರುಗು ಮಾಡಬಹುದು. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡ 1973ರ ಮಾರ್ಚಿನಲ್ಲಿ ಹೊರತಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ಮನ್ನು ಈ ಒಂದು ಸಂಗತಿ ನೆನಪಿಟ್ಟುಕೊಂಡು ಕೇಳಿದರೆ, ಮಂಜಿನಂತೆ ತೇಲುವ ಆ ಸಂಗೀತದ ಅಡಿಯಲ್ಲಿ ಬಡಗಿಯ ಕೆಲಸದಷ್ಟು ಕರಾರುವಾಕ್ಕಾದ ಅಳತೆಗಳು ಕಾಣತೊಡಗುತ್ತವೆ.

ತಂಡದಲ್ಲಿ ನಾಲ್ವರು: ಬೇಸ್ ಗಿಟಾರಿನ ರೋಜರ್ ವಾಟರ್ಸ್, ಗಿಟಾರಿನ ಡೇವಿಡ್ ಗಿಲ್ಮೋರ್, ಕೀಬೋರ್ಡಿನ ರಿಚರ್ಡ್ ರೈಟ್, ಡ್ರಮ್ಸಿನ ನಿಕ್ ಮೇಸನ್. ಮುದ್ರಣವಾದದ್ದು ಲಂಡನ್ನಿನ ಆಬಿ ರೋಡಿನ ಸ್ಟುಡಿಯೋದಲ್ಲಿ, 1972ರ ಬೇಸಿಗೆಯ ಹೊತ್ತಿಗೆ ಶುರುವಾಗಿ 1973ರ ಆರಂಭದವರೆಗೆ. ಎಂಜಿನಿಯರ್ ಅಲನ್ ಪಾರ್ಸನ್ಸ್. ಆಲ್ಬಮ್ಮಿನ ಒಟ್ಟು ಅವಧಿ ಸುಮಾರು 43 ನಿಮಿಷ. ಹಾಡುಗಳು ಹತ್ತಾದರೂ ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡಿರುವುದರಿಂದ ಎಲ್‌ಪಿ ತಟ್ಟೆಯ ಪ್ರತಿ ಮಗ್ಗುಲೂ ಒಂದೇ ಉಸಿರಿನಲ್ಲಿ ಸಾಗುತ್ತದೆ. ಹಣ, ಸಮಯ, ಸಾವು, ಜಗಳ, ಬುದ್ಧಿ ಕದಡುವುದು: ಮನುಷ್ಯನ ಬದುಕನ್ನು ಒತ್ತುವ ಇಂಥ ಸಂಗತಿಗಳೇ ಹಾಡುಗಳ ವಸ್ತು.

ಎರಡನೆಯ ಮಗ್ಗುಲಿನ ಮೊದಲ ಹಾಡು 'ಮನಿ'. ವಾದ್ಯಗಳು ಶುರುವಾಗುವ ಮುಂಚೆಯೇ ನಾಣ್ಯದ ಝಣಝಣ, ಕಾಗದ ಹರಿಯುವ ಸರ್ರೆನ್ನುವ ಸದ್ದು, ಅಂಗಡಿಯ ಗಲ್ಲಾ ಯಂತ್ರದ ಟಿಣ್ ಎಂಬ ಗಂಟೆ ಎಡಬಲಗಳಲ್ಲಿ ಸರದಿಯಂತೆ ಕೇಳಿಸುತ್ತವೆ. ಇವು ಏಳೇಳು ಎಣಿಕೆಗಳ ಸುತ್ತಾಗಿ ಮರುಕಳಿಸುತ್ತವೆ. ಇವತ್ತು ಫೋನಿನಲ್ಲಿ ಐದು ನಿಮಿಷದ ಕೆಲಸ ಇದು. ಆಗ ಹೇಗೆ ಮಾಡಿದರು ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ನಾಣ್ಯದ ಸದ್ದನ್ನು ವಾಟರ್ಸ್ ತಮ್ಮ ಮನೆಯಲ್ಲಿ, ಕುಂಬಾರಿಕೆಗೆ ಜೇಡಿಮಣ್ಣು ಕಲೆಸುವ ಬೋಗುಣಿಯೊಳಗೆ ಚಿಲ್ಲರೆ ಎಸೆದು ಹಿಡಿದರು. ಪ್ರತಿ ಸದ್ದನ್ನೂ ಬೇರೆಬೇರೆಯಾಗಿ ಕಾಲಿಂಚು ಅಗಲದ ಟೇಪಿಗೆ ಇಳಿಸಿಕೊಂಡ ಮೇಲೆ ಅಳತೆಯ ಕೆಲಸ. ಹಾಡಿನ ನಡೆ ನಿಮಿಷಕ್ಕೆ 120 ಎಣಿಕೆ ಎಂದಿಟ್ಟುಕೊಳ್ಳೋಣ. ಒಂದು ಎಣಿಕೆಗೆ ಅರ್ಧ ಸೆಕೆಂಡು, ಅಂದರೆ 19 ಸೆಂ.ಮೀ. ಟೇಪು. ಏಳು ತುಂಡು ಸೇರಿದರೆ ಸುಮಾರು 133 ಸೆಂ.ಮೀ. ಈ ತುಂಡುಗಳನ್ನು ಸಾಲಾಗಿ ಅಂಟಿಸಿ, ಕೊನೆಯದರ ಬಾಲವನ್ನು ಮೊದಲನೆಯದರ ತಲೆಗೆ ಅಂಟಿಸಿದರೆ ಒಂದು ಬಳೆ ಸಿದ್ಧ. ಸ್ಟುಡಿಯೋದವರು ಇದನ್ನು ಲೂಪ್ ಅನ್ನುತ್ತಾರೆ. ಇಷ್ಟು ದೊಡ್ಡ ಬಳೆ ಯಂತ್ರದೊಳಗೆ ಹಿಡಿಸುವುದಿಲ್ಲ. ಅದಕ್ಕೇ ಅದರ ಒಂದು ತುದಿಯನ್ನು ಯಂತ್ರದ ಮುಂದೆ ನಿಲ್ಲಿಸಿದ ಮೈಕ್ ಸ್ಟ್ಯಾಂಡಿನ ಸುತ್ತ ಹಾಯಿಸಿ, ಸ್ಟ್ಯಾಂಡನ್ನು ಹಿಂದೆಮುಂದೆ ಸರಿಸಿ ಬಿಗಿ ಹೊಂದಿಸುತ್ತಿದ್ದರು. ಸಡಿಲವಾದರೆ ಟೇಪನ್ನು ಎಳೆಯುವ ಉಕ್ಕಿನ ಕಡ್ಡಿಯ ಮೇಲೆ ಅದು ಜಾರುತ್ತದೆ, ಶ್ರುತಿ ಅಲುಗಾಡುತ್ತದೆ. ಬಿಗಿ ಹೆಚ್ಚಾದರೆ ಟೇಪು ಹಿಗ್ಗುತ್ತದೆ, ಜೋಡಣೆಗಳು ಬಿಚ್ಚಿಕೊಳ್ಳುತ್ತವೆ.

ಜೋಡಿಸುವ ಕ್ರಮಕ್ಕೂ ಶಿಸ್ತಿದೆ. ಟೇಪನ್ನು ಲೋಹದ ಅಚ್ಚಿನ ತೋಡಿನಲ್ಲಿ ಕೂರಿಸಿ ಬ್ಲೇಡಿನಿಂದ ಸಾಮಾನ್ಯವಾಗಿ 45 ಡಿಗ್ರಿ ಓರೆಯಲ್ಲಿ ಕೊಯ್ಯುತ್ತಾರೆ. ಟೇಪಿನ ಅಗಲ 6.35 ಮಿ.ಮೀ. ಆದ್ದರಿಂದ ಓರೆ ಕೊಯ್ತ ಟೇಪಿನ ಉದ್ದಕ್ಕೆ ಆವರಿಸುವುದೂ ಅಷ್ಟೇ, ಕಾಲದಲ್ಲಿ ಸುಮಾರು 17 ಮಿಲಿಸೆಕೆಂಡು. ಆ ಹದಿನೇಳು ಮಿಲಿಸೆಕೆಂಡಿನಲ್ಲಿ ಹಳೆಯ ಸದ್ದು ಇಳಿಯುತ್ತ ಹೊಸದು ಏರುತ್ತದೆ, ಜೋಡಣೆಯ ಜಾಗ ಕಿವಿಗೆ ಸಿಗುವುದಿಲ್ಲ. ನೇರ ಕೊಯ್ದರೆ 'ಟಕ್' ಅನ್ನುವ ಅಪಾಯವಿದೆ. ಬ್ಲೇಡಿಗೆ ಕಾಂತತ್ವ ಅಂಟಿದ್ದರೂ ಅದೇ 'ಟಕ್', ಏಕೆಂದರೆ ಟೇಪಿನ ಮೇಲಿನ ಸದ್ದೂ ಕಾಂತತ್ವದ ರೂಪದಲ್ಲೇ ಇರುತ್ತದೆ. ಅಂಟುಪಟ್ಟಿಯನ್ನು ಹಚ್ಚಬೇಕಾದದ್ದು ಬೆನ್ನಿನ ಕಡೆಗೆ, ಸದ್ದನ್ನು ಹಿಡಿದಿಡುವ ಆಕ್ಸೈಡ್ ಲೇಪದ ಮುಖಕ್ಕಲ್ಲ. ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅಂಟು ಆಚೆ ಒಸರಿ ಪಕ್ಕದ ಸುತ್ತಿಗೆ ಹಿಡಿದುಕೊಳ್ಳುತ್ತದೆ.

ತಪ್ಪಿನ ಲೆಕ್ಕ ಇನ್ನೂ ಕಟ್ಟುನಿಟ್ಟು. ಒಂದು ಸೆಂಟಿಮೀಟರು ಹೆಚ್ಚುಕಡಿಮೆಯಾದರೆ 26 ಮಿಲಿಸೆಕೆಂಡು ಹೋಯಿತು. ತಾಳದಲ್ಲಿ ಕಿವಿ ಅಷ್ಟನ್ನು ಹಿಡಿಯುತ್ತದೆ, ನಡೆ ಕುಂಟಿದಂತೆ ಅನಿಸುತ್ತದೆ. ಪ್ರತಿ ತುಂಡೂ ಬರೀ 3 ಮಿ.ಮೀ. ಉದ್ದವಾದರೆ ಒಂದು ಸುತ್ತಿಗೆ 55 ಮಿಲಿಸೆಕೆಂಡು, ಹತ್ತು ಸುತ್ತಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದಿರುತ್ತದೆ. ಆ ಅಂತರವನ್ನು ವಾದಕರು ತಾವೇ ನುಂಗಿಕೊಂಡು ಲೂಪಿನ ಬೆನ್ನು ಹಿಡಿಯಬೇಕು, ಏಕೆಂದರೆ ಲೂಪ್ ಯಾರ ಮಾತನ್ನೂ ಕೇಳುವುದಿಲ್ಲ. ಆಲ್ಬಮ್ಮಿನಲ್ಲಿ ಲೂಪ್ ಮೊದಲಿಗೆ ದಾರಿ ತೋರಿಸಿ, ಹಾಡು ಹಿಡಿತಕ್ಕೆ ಬಂದ ಮೇಲೆ ಮರೆಯಾಗುತ್ತದೆ. ಅದು ಕೈಬಿಟ್ಟ ಮೇಲೆ ತಂಡದ ನಡೆ ತುಸು ಚುರುಕಾಗುವುದನ್ನು ಗಮನಿಸಿ. ಯಂತ್ರದ ಕಾಲದಿಂದ ಮನುಷ್ಯರ ಕಾಲಕ್ಕೆ ದಾಟುವ ಆ ಜಾಗ ಈ ಹಾಡಿನ ಅತ್ಯಂತ ಜೀವಂತ ಕ್ಷಣ.

ರಂಗದ ಮೇಲೆ ಟೇಪನ್ನು ನೆಚ್ಚುವುದರ ಅಪಾಯವನ್ನು ತಂಡ ಆಗಲೇ ಅನುಭವಿಸಿತ್ತು. ಮುದ್ರಣಕ್ಕೆ ಮುಂಚೆಯೇ ಇಡೀ ಕೃತಿಯನ್ನು ಕಛೇರಿಗಳಲ್ಲಿ ನುಡಿಸಿ ಹದ ಮಾಡುತ್ತಿದ್ದರು. 1972ರ ಜನವರಿ 20ರಂದು ಬ್ರೈಟನ್ ಡೋಮ್ ಸಭಾಂಗಣದಲ್ಲಿ ಮೊದಲ ಸಲ ನುಡಿಸಿದಾಗ 'ಮನಿ' ಹೊತ್ತಿಗೆ ತಾಂತ್ರಿಕ ತೊಂದರೆಯಾಗಿ ಕೃತಿಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಏಳರ ಎಣಿಕೆಯ ವಿಷಯಕ್ಕೆ ಬಂದರೆ, ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ನಾಲ್ಕರ ನಡೆಯೇ ರೂಢಿ. ಅಲ್ಲಿನ ಕೇಳುಗರು 'ಮನಿ'ಯ ಏಳಕ್ಕೆ ಕಾಲು ಕುಣಿಸಲು ಹೋಗಿ ಎಡವುತ್ತಾರೆ. ಮಿಶ್ರ ಚಾಪು ಕೇಳಿ ಬೆಳೆದ ಕಿವಿಗೆ ಇದು ಕಷ್ಟವಲ್ಲ: ತಕಿಟ ತಕಧಿಮಿ ಎಂದು ಹೇಳಿಕೊಳ್ಳುತ್ತ ಕೇಳಿ, ಬೇಸ್ ಗಿಟಾರಿನ ಸಾಲು ಪ್ರತಿ ಸುತ್ತಿನ ಸಮಕ್ಕೆ ನೆಟ್ಟಗೆ ಬಂದು ಕೂರುತ್ತದೆ. ಡಿಕ್ ಪ್ಯಾರಿಯವರ ಸ್ಯಾಕ್ಸೊಫೋನ್ ಕೂಡ ಏಳರಲ್ಲೇ ನಡೆಯುತ್ತದೆ. ಗಿಟಾರಿನ ಸರದಿ ಬಂದಾಗ ಮಾತ್ರ ನಡೆ ನಾಲ್ಕಕ್ಕೆ ಜಿಗಿಯುತ್ತದೆ, ಆಮೇಲೆ ಮರಳಿ ಏಳು. 2002ರ ಏಪ್ರಿಲ್‌ನಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ಕೊಟ್ಟಾಗ ಅಲ್ಲಿದ್ದವರು ಈ ಎಣಿಕೆಯನ್ನು ಕಣ್ಣೆದುರೇ ಹಾಕಿರಬಹುದು.

ಈ ಲೂಪನ್ನು ಮನೆಯಲ್ಲಿ ಕಟ್ಟಿನೋಡುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಅಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಏಳು ಸದ್ದು ಆರಿಸಿ: ಸ್ಟೀಲ್ ಲೋಟಕ್ಕೆ ನಾಣ್ಯ ಹಾಕುವುದು, ಕಾಗದ ಹರಿಯುವುದು, ಬೀರುವಿನ ಬೀಗ ತಿರುಗಿಸುವುದು, ಡಬ್ಬಿಯ ಮುಚ್ಚಳ, ಹೀಗೆ. ಪ್ರತಿಯೊಂದನ್ನೂ ಅರ್ಧ ಸೆಕೆಂಡಿಗೆ ಕತ್ತರಿಸಿ. ಸೆಕೆಂಡಿಗೆ 44,100 ಮಾದರಿಗಳ ಮುದ್ರಣದಲ್ಲಿ ಅದು ಸರಿಯಾಗಿ 22,050 ಮಾದರಿ. ತುಂಡುಗಳ ತುದಿಯಲ್ಲಿ 10ರಿಂದ 15 ಮಿಲಿಸೆಕೆಂಡು ಏರಿಳಿತ ಕೊಡಿ, ಹಳೆಯ ಓರೆ ಕೊಯ್ತದ ಕೆಲಸವನ್ನು ಅದು ಮಾಡುತ್ತದೆ. ಅಷ್ಟಾದರೂ ಮೊದಲ ಸಲ ಕೇಳಿದಾಗ ಏನೋ ಸರಿಯಿಲ್ಲ ಅನಿಸುವುದು ಬಹುತೇಕ ಖಚಿತ. ಕಾರಣ ಕಾಗದ. ನಾಣ್ಯದ ಸದ್ದು ಬಡಿದ ಕ್ಷಣದಲ್ಲೇ ತಾರಕಕ್ಕೇರುತ್ತದೆ. ಕಾಗದ ಹರಿಯುವ ಸದ್ದು ನಿಧಾನವಾಗಿ ಏರುತ್ತದೆ. ಕಿವಿ ತಾಳವನ್ನು ಲೆಕ್ಕ ಹಾಕುವುದು ಸದ್ದಿನ ಮೊದಲ ಎಳೆಯಿಂದಲ್ಲ, ಅದು ಗಟ್ಟಿಯಾಗುವ ಜಾಗದಿಂದ. ಆದ್ದರಿಂದ ಎರಡನ್ನೂ ತುಂಡಿನ ಆರಂಭಕ್ಕೇ ಕೂರಿಸಿದರೆ ಕಾಗದ ತಡವಾಗಿ ಬಂದಂತೆ ಕೇಳುತ್ತದೆ. ಅದರ ಮೊದಲ 40, 50 ಮಿಲಿಸೆಕೆಂಡನ್ನು ಕತ್ತರಿಸಿ ಹಾಕಿ, ಬಾಲವನ್ನು ಅಷ್ಟೇ ಉದ್ದ ಮಾಡಿ. ಸ್ಕೇಲಿನ ಅಳತೆ ಸರಿಯಿದ್ದ ಮೇಲೂ ಕೊನೆಯ ತೀರ್ಪು ಕಿವಿಯದೇ.

ಮೊದಲ ಮಗ್ಗುಲಿನ 'ಟೈಮ್' ಹಾಡಿನ ಆರಂಭದಲ್ಲಿ ಒಂದು ಗಡಿಯಾರದ ಅಂಗಡಿಯೇ ಏಕಕಾಲಕ್ಕೆ ಬಡಿದುಕೊಳ್ಳುತ್ತದೆ. ಆ ಸದ್ದುಗಳನ್ನು ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಮುದ್ರಿಸಿಕೊಂಡಿದ್ದರು, ನಾಲ್ಕು ಸ್ಪೀಕರುಗಳ ಧ್ವನಿಪದ್ಧತಿಯನ್ನು ತೋರಿಸಲೆಂದು. ಎಲ್ಲ ಗಡಿಯಾರಗಳನ್ನೂ ಒಟ್ಟಿಗೆ ಬಡಿಸಿದ್ದಲ್ಲ. ಒಂದೊಂದನ್ನೂ ನಿಶ್ಶಬ್ದದಲ್ಲಿ ಬೇರೆಯಾಗಿ ಹಿಡಿದು, ಎಲ್ಲವೂ ಒಂದೇ ಕ್ಷಣಕ್ಕೆ ಬಡಿಯುವಂತೆ ಟೇಪುಗಳನ್ನು ಹಿಂದೆಮುಂದೆ ಸರಿಸಿ ಬಹುಪಥದ ಟೇಪಿನಲ್ಲಿ ಒಂದುಗೂಡಿಸಿದ್ದು. ಹೀಗೆ ಹಿಡಿದದ್ದರಿಂದಲೇ ಗದ್ದಲದ ನಡುವೆಯೂ ಒಂದೊಂದು ಗಂಟೆಯ ಕಂಠ ಬೇರೆಯಾಗಿ ಸಿಗುತ್ತದೆ. ಅದಾದ ಮೇಲೆ ಕೇಳುವ ಟಿಕ್ ಟಿಕ್ ಗಡಿಯಾರದ್ದಲ್ಲ. ವಾಟರ್ಸ್ ಬೇಸ್ ಗಿಟಾರಿನ ತಂತಿಗಳನ್ನು ಅಂಗೈಯಿಂದ ಅದುಮಿ ಮೀಟಿದ ಸದ್ದು ಅದು. ತಂತಿಯ ಅನುರಣನ ಕೈಗೆ ಸಿಕ್ಕಿ ಸತ್ತಾಗ ಉಳಿಯುವುದು ಮೀಟಿನ ಪೆಟ್ಟು ಮಾತ್ರ.

ಅದರ ಮೇಲೆ ಮೇಸನ್ ನುಡಿಸುವುದು ರೊಟೊಟಾಮ್ ಎಂಬ ಚಪ್ಪಟೆ ಡ್ರಮ್. ಅದಕ್ಕೆ ಬುರುಡೆ ಇಲ್ಲ, ಚೌಕಟ್ಟು ಮತ್ತು ಚರ್ಮವಷ್ಟೇ. ಇಡೀ ಡ್ರಮ್ಮನ್ನು ತಿರುಪಿನಂತೆ ತಿರುಗಿಸಿದರೆ ಹೊದಿಕೆ ಬಿಗಿಯಾಗಿ ಶ್ರುತಿ ಏರುತ್ತದೆ. ಇಲ್ಲಿ ಭೌತವಿಜ್ಞಾನದ ಒಂದು ಕಟ್ಟಳೆ ಇದೆ: ಶ್ರುತಿ ಏರುವುದು ಬಿಗಿತದ ವರ್ಗಮೂಲದಂತೆ. ಒಂದು ಸ್ಥಾಯಿ ಮೇಲಕ್ಕೆ ಹೋಗಬೇಕೆಂದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಮೃದಂಗದ ಬಲಗಡೆಯ ಶ್ರುತಿಯನ್ನು ಸ್ವಲ್ಪ ಏರಿಸಲು ಎಷ್ಟು ಬಾರಿ ತಟ್ಟಬೇಕಾಗುತ್ತದೆ ಎಂದು ಬಲ್ಲವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು.

ಟೇಪಿನಲ್ಲಿ ಕಾಲವೆಂದರೆ ಉದ್ದ ಎಂಬ ಲೆಕ್ಕದ ಇನ್ನೊಂದು ಫಲ ಪ್ರತಿಧ್ವನಿ. 'ಅಸ್ ಆ್ಯಂಡ್ ದೆಮ್' ಹಾಡಿನಲ್ಲಿ ಒಂದೊಂದು ಪದ ಹಾಡಿದ ಮೇಲೂ ಅದು ದೂರ ಸರಿಯುತ್ತ ಮತ್ತೆ ಮತ್ತೆ ಕೇಳುತ್ತದೆ. ಯಂತ್ರದಲ್ಲಿ ಮುದ್ರಿಸುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಅವುಗಳ ನಡುವೆ 5 ಸೆಂ.ಮೀ. ಇದ್ದರೆ, ಸೆಕೆಂಡಿಗೆ 38.1 ಸೆಂ.ಮೀ. ವೇಗದಲ್ಲಿ ಪದ 0.13 ಸೆಕೆಂಡು ತಡವಾಗಿ ಓದಲ್ಪಡುತ್ತದೆ. ವೇಗ ಅರ್ಧ ಮಾಡಿದರೆ ತಡ ಎರಡರಷ್ಟು. ನಿಧಾನದ ಹಾಡಿಗೆ ಇಷ್ಟು ಸಾಲದು. ಟೇಪನ್ನು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಹಾಯಿಸಿ ನಡುವೆ 40 ಸೆಂ.ಮೀ. ಬಿಟ್ಟರೆ ಒಂದು ಸೆಕೆಂಡಿನ ಮೇಲೆ ತಡ ಸಿಗುತ್ತದೆ. ಓದಿದ ಸದ್ದಿನ ಒಂದು ಪಾಲನ್ನು ಮತ್ತೆ ಮುದ್ರಣಕ್ಕೆ ಕೊಟ್ಟರೆ ಪದ ಹಲವು ಸಲ ಮರಳುತ್ತದೆ. ಆ ಪಾಲು ಹೆಚ್ಚಾಯಿತೋ, ಪ್ರತಿ ಸುತ್ತಿಗೂ ಸದ್ದು ಬೆಳೆಯುತ್ತ ಹೋಗಿ ಕೊನೆಗೆ ಊಳಿಡುತ್ತದೆ. ಪ್ರತಿ ಸಲ ಟೇಪು ಹಾದುಬರುವಾಗ ಮೇಲಿನ ಕಂಪನಗಳು ಸ್ವಲ್ಪ ಸವೆಯುವುದರಿಂದ ಮರುದನಿ ಮಂಕಾಗುತ್ತ ಹೋಗುತ್ತದೆ. ಬೆಟ್ಟದ ಮರುದನಿಯೂ ಹೀಗೇ ಮಂಕಾಗುವುದರಿಂದ ಕಿವಿ ಅದನ್ನು 'ದೂರ' ಎಂದು ಓದುತ್ತದೆ. ಯಂತ್ರದ ಕೊರತೆಯೇ ಇಲ್ಲಿ ಚಂದವಾಗಿದೆ. ಗಿಲ್ಮೋರ್ ತಮ್ಮ ಗಿಟಾರಿಗೆ ಬಳಸುತ್ತಿದ್ದ ಇಟಲಿಯ ಬಿನ್ಸನ್ ಎಕೊರೆಕ್ ಇದೇ ತತ್ವದ ಉಪಕರಣ. ಅದರಲ್ಲಿ ಟೇಪಿನ ಬದಲು ತಿರುಗುವ ಕಾಂತೀಯ ಚಕ್ರ, ಅದರ ಸುತ್ತ ಓದುವ ಹೆಡ್‌ಗಳು.

ಅದೇ ಕಾಲಕ್ಕೆ ಸ್ಟುಡಿಯೋದೊಳಗೆ ಬಂದ ಹೊಸ ಯಂತ್ರವೊಂದು ಕಾಲವನ್ನು ಟೇಪಿನಿಂದ ಬಿಡಿಸಿತು. 'ಆನ್ ದ ರನ್' ತುಣುಕಿನ ಆಧಾರ ಇಎಂಎಸ್ ಕಂಪನಿಯ ಸಿಂಥಿ ಎಕೆಎಸ್, ಸೂಟ್‌ಕೇಸಿನೊಳಗೆ ಹಿಡಿಸುವ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಯಂತ್ರ. ಲಂಡನ್ನಿನ ಪಟ್ನಿಯಲ್ಲಿ ಪೀಟರ್ ಜಿನೊವಿಯೆಫ್ ಕಟ್ಟಿದ ಕಂಪನಿ ಅದು. ಅದರ ಕೀಬೋರ್ಡಿನಲ್ಲಿ ನುಡಿಸಿದ್ದನ್ನು ನೆನಪಿಟ್ಟುಕೊಂಡು ಮತ್ತೆ ನುಡಿಸುವ ಸೀಕ್ವೆನ್ಸರ್ ಇತ್ತು. ಎಂಟು ಸ್ವರಗಳ ಒಂದು ಸಾಲನ್ನು ನಿಧಾನವಾಗಿ ನುಡಿಸಿ ಕೊಟ್ಟು ಆಮೇಲೆ ವೇಗ ಏರಿಸಿದರು. ಟೇಪಿನ ವೇಗ ಏರಿಸಿದರೆ ಶ್ರುತಿಯೂ ಏರುತ್ತದೆ, ಎರಡು ಪಟ್ಟು ವೇಗಕ್ಕೆ ಒಂದು ಪೂರ್ತಿ ಸ್ಥಾಯಿ. ಸೀಕ್ವೆನ್ಸರಿನಲ್ಲಿ ಉಳಿದಿರುವುದು ಸದ್ದಲ್ಲ, ಯಾವ ಸ್ವರ ಯಾವಾಗ ಎಂಬ ಸೂಚನೆ. ಅದಕ್ಕೇ ವೇಗ ಎಷ್ಟೇ ಏರಿದರೂ ಸ್ವರ ಇದ್ದಲ್ಲೇ ಇರುತ್ತದೆ. ಬೆನ್ನಟ್ಟಿಸಿಕೊಂಡು ಓಡುವವನ ಉಸಿರಿನಂಥ ಆ ಓಟ ಹುಟ್ಟಿದ್ದು ಹೀಗೆ.

ಈ ಯಂತ್ರದಲ್ಲಿ ಭಾಗಗಳನ್ನು ಬೆಸೆಯಲು ವೈರುಗಳಿಲ್ಲ. ಅಡ್ಡ 16, ಉದ್ದ 16 ರಂಧ್ರಗಳ ಚೌಕವಿದೆ, ಬೇಕಾದ ರಂಧ್ರಕ್ಕೆ ಪುಟ್ಟ ಪಿನ್ನು ಚುಚ್ಚಬೇಕು. ಚೌಕಾಬಾರದ ಮನೆಯಂತೆ ಕಾಣುತ್ತದೆ. ಒಂದು ಪಿನ್ನು ತಪ್ಪಿದರೆ ಹೊರಬರುವ ಸದ್ದೇ ಒಳಗೆ ಹೋಗಿ ಯಂತ್ರ ಕಿರುಚಬಹುದು. ಕೊಠಡಿಯ ಉಷ್ಣತೆ ಏರಿದರೆ ಸ್ವರ ಹುಟ್ಟಿಸುವ ಆಂದೋಲಕಗಳ ಶ್ರುತಿ ಜಾರುತ್ತದೆ, ಮತ್ತೆ ಮತ್ತೆ ಸರಿಪಡಿಸುತ್ತಿರಬೇಕು.

ಅಲ್ಲಿ ಕೇಳುವ 'ಚಿಸ್ ಚಿಸ್' ಎಂಬ ತಾಳದ ಸದ್ದು ನಿಜವಾದ ಹಿತ್ತಾಳೆಯ ತಾಳದ್ದಲ್ಲ, ಯಂತ್ರದ ಬಿಳಿ ಗದ್ದಲದಿಂದ ಮಾಡಿದ್ದು. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವಂತೆ ಎಲ್ಲ ಕಂಪನಗಳೂ ಸಮನಾಗಿ ಬೆರೆತ ಸದ್ದಿಗೆ ಬಿಳಿ ಗದ್ದಲ ಎಂದು ಹೆಸರು. ಹಳೆಯ ರೇಡಿಯೊದಲ್ಲಿ ಸ್ಟೇಷನ್ನುಗಳ ನಡುವೆ ಕೇಳುತ್ತಿದ್ದ 'ಶ್' ಅದಕ್ಕೆ ಹತ್ತಿರ. ಅದನ್ನು ಸೋಸುವ ಮಂಡಲಕ್ಕೆ ಫಿಲ್ಟರ್ ಎನ್ನುತ್ತಾರೆ. ಮೇಲಿನ ಕಂಪನಗಳನ್ನಷ್ಟೇ ಬಿಟ್ಟು ಕ್ಷಣಮಾತ್ರ ಬಾಗಿಲು ತೆರೆದು ಮುಚ್ಚಿದರೆ 'ಚಿಸ್'. ತೆರೆದ ಬಾಗಿಲನ್ನು ನಿಧಾನವಾಗಿ ಸರಿಸಿದರೆ ಸದ್ದು ಮಂಕಿನಿಂದ ಹೊಳಪಿಗೆ ಜಾರುತ್ತದೆ.

ನಡುವೆ ವಾಹನವೊಂದು ಎದುರಿಗೆ ಬಂದು ದಾಟಿಹೋಗುವ ಭ್ರಮೆ ಇದೆ. ಅದೂ ಸಿಂಥಸೈಜರಿನದೇ, ಡಾಪ್ಲರ್ ಪರಿಣಾಮದ ಅನುಕರಣೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಗಾಡಿಯ ಹಾರನ್ನು ಹತ್ತಿರ ಬರುವಾಗ ತನ್ನ ನಿಜ ಶ್ರುತಿಗಿಂತ ಸುಮಾರು ಶೇ. 9ರಷ್ಟು ಏರಿ, ದಾಟಿದ ಮೇಲೆ ಶೇ. 7ರಷ್ಟು ಇಳಿದು ಕೇಳುತ್ತದೆ. ಒಟ್ಟು ಇಳಿತ ಹಾರ್ಮೋನಿಯಮ್ಮಿನ ಮೂರು ಮನೆಗಳಿಗೆ ತುಸು ಕಡಿಮೆ. ಸ್ಟುಡಿಯೋದಲ್ಲಿ ಇದನ್ನು ನಂಬಿಸಲು ಮೂರು ಕೆಲಸ ಒಟ್ಟಿಗೆ ಆಗಬೇಕು: ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ಸರಿಯಬೇಕು, ಅದರ ಪ್ರಮಾಣ ಏರಿ ಇಳಿಯಬೇಕು, ಪ್ರಮಾಣ ತುತ್ತತುದಿಯಲ್ಲಿರುವ ಕ್ಷಣದಲ್ಲೇ ಶ್ರುತಿ ಬೀಳಬೇಕು. ಶ್ರುತಿ ಮೊದಲೇ ಬಿದ್ದರೆ ಗಾಡಿ ಕಾಣುವುದಿಲ್ಲ, ಆಟಿಕೆಯ ಸೀಟಿ ಕೇಳುತ್ತದೆ. ಇದೇ ತುಣುಕಿನಲ್ಲಿ ಗಿಟಾರಿನ ಮನೆಗಳ ಮೇಲೆ ಮೈಕ್ ಸ್ಟ್ಯಾಂಡನ್ನು ಎಳೆದು, ಆ ಟೇಪನ್ನು ತಿರುವಿ ಹಾಕಿದ ಸದ್ದೂ ಇದೆ. ಮೀಟಿದ ಯಾವುದೇ ಸದ್ದು ಥಟ್ಟನೆ ಹುಟ್ಟಿ ನಿಧಾನ ಸಾಯುತ್ತದೆ. ತಿರುವಿದರೆ ನಿಧಾನ ಹುಟ್ಟಿ ಥಟ್ಟನೆ ಸಾಯುತ್ತದೆ, ಯಾರೋ ಒಳಗೆಳೆದುಕೊಂಡಂತೆ.

ಆಲ್ಬಮ್ಮಿನ ಹೊದಿಕೆಯ ಚಿತ್ರ ಇಲ್ಲಿ ತಾನಾಗಿ ನೆನಪಾಗುತ್ತದೆ, ಏಕೆಂದರೆ ಫಿಲ್ಟರ್ ಬಿಳಿ ಗದ್ದಲಕ್ಕೆ ಮಾಡುವುದನ್ನು ಪ್ರಿಸಮ್ ಬಿಳಿ ಬೆಳಕಿಗೆ ಮಾಡುತ್ತದೆ. ಕಪ್ಪು ಹಿನ್ನೆಲೆ, ತ್ರಿಕೋನ ಗಾಜು, ಎಡದಿಂದ ಬರುವ ಬಿಳಿ ಗೆರೆ, ಬಲಕ್ಕೆ ಹೊರಡುವ ಬಣ್ಣಗಳು. ವಿನ್ಯಾಸ ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪವೆಲ್ ಅವರ ಹಿಪ್ನೋಸಿಸ್ ಸಂಸ್ಥೆಯದು, ಬಿಡಿಸಿದವರು ಜಾರ್ಜ್ ಹಾರ್ಡಿ. ವಿಜ್ಞಾನದ ಕಣ್ಣಿನಿಂದ ನೋಡಿದರೆ ಚಿತ್ರದಲ್ಲಿ ಸರಿಯಾದದ್ದೂ ಇದೆ, ಕಲಾವಿದ ಪಡೆದ ಸ್ವಾತಂತ್ರ್ಯವೂ ಇದೆ. ಕೆಂಪು ಮೇಲೆ, ನೇರಳೆ ಕೆಳಗೆ ಇರುವುದು ಸರಿ: ಕೆಂಪು ಎಲ್ಲಕ್ಕಿಂತ ಕಡಿಮೆ ಬಾಗುತ್ತದೆ. ಬಣ್ಣಗಳು ಹರಡಿರುವ ಅಗಲ ಮಾತ್ರ ಗಾಜಿನದಲ್ಲ. ಸಾಧಾರಣ ಕ್ರೌನ್ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಕೆಂಪಿಗೆ ಸುಮಾರು 1.514, ನೇರಳೆಗೆ ಸುಮಾರು 1.531. ಸಮಬಾಹು ಪ್ರಿಸಮ್ಮಿನಲ್ಲಿ ಇಷ್ಟು ವ್ಯತ್ಯಾಸಕ್ಕೆ ಬಣ್ಣಗಳ ನಡುವೆ ಸಿಗುವುದು ಒಂದೂವರೆ ಡಿಗ್ರಿ. ಒಂದು ಮೀಟರ್ ದೂರದ ಗೋಡೆಯ ಮೇಲೆ ಎರಡೂವರೆ ಸೆಂ.ಮೀ. ಪಟ್ಟಿ. ಅದಕ್ಕೇ ನ್ಯೂಟನ್ ಕತ್ತಲೆ ಕೋಣೆಯಲ್ಲಿ 22 ಅಡಿ ದೂರದ ಗೋಡೆಗೆ ಬೆಳಕು ಬಿಟ್ಟರು. 1672ರ ಪತ್ರದಲ್ಲಿ ಅವರು ಬರೆದ ಅಳತೆಯ ಪ್ರಕಾರ ಆ ಬಣ್ಣದ ಪಟ್ಟಿ 13¼ ಇಂಚು ಉದ್ದವಿತ್ತು. ಹೊದಿಕೆಯ ಚಿತ್ರದಲ್ಲಿ ಹರಡಿಕೆ ಇದಕ್ಕಿಂತ ಹಲವು ಪಟ್ಟು. ಗಾಜಿನ ಒಳಗೆ ಬೆಳಕು ಮಸುಕು ಬಿಳಿ ಬೀಸಣಿಗೆಯಾಗಿ ಕಾಣುತ್ತದೆ, ನಿಜದಲ್ಲಿ ಮೊದಲ ಮುಖ ದಾಟಿದೊಡನೆ ಬಣ್ಣಗಳು ಬೇರೆಯಾಗತೊಡಗುತ್ತವೆ.

ಇನ್ನೊಂದು ವಿಷಯ ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಹೊದಿಕೆಯಲ್ಲಿ ಬಣ್ಣಗಳು ಆರೇ, ನೀಲಿ ನೇರಳೆಗಳ ನಡುವಿನ ಇಂಡಿಗೊ ಇಲ್ಲ. ನ್ಯೂಟನ್ ಏಳು ಎಂದು ನಿಗದಿ ಮಾಡಿದ್ದರ ಹಿಂದೆ ಸಂಗೀತವಿತ್ತು. ಸಪ್ತಕದ ಏಳು ಅಂತರಗಳಿಗೂ ಬಣ್ಣಗಳಿಗೂ ಅವರು ಹೋಲಿಕೆ ಕಟ್ಟಿದ್ದರು. ಸ್ವರಗಳಿಗಾಗಿ ಏಳಾದ ಬಣ್ಣಗಳು ಒಂದು ಸಂಗೀತದ ಆಲ್ಬಮ್ಮಿನ ಮೇಲೆ ಆರಕ್ಕಿಳಿದಿವೆ. ಹೊದಿಕೆಯನ್ನು ಬಿಡಿಸಿದರೆ ಒಳಗಡೆ ಹಸಿರು ಪಟ್ಟಿಯೊಂದು ಹೃದಯಬಡಿತದ ರೇಖೆಯಂತೆ ಚುಚ್ಚಿ ಮೇಲೇರುತ್ತದೆ.

'ದ ಗ್ರೇಟ್ ಗಿಗ್ ಇನ್ ದ ಸ್ಕೈ'ಯಲ್ಲಿ ಹಾಡುವ ಪದಗಳಿಲ್ಲ. ರೈಟ್ ಅವರ ಪಿಯಾನೊದ ಮೇಲೆ ಕ್ಲೇರ್ ಟೋರಿ ಬರೀ ಸ್ವರದಲ್ಲಿ ಕೂಗುತ್ತಾರೆ, ಬೇಡುತ್ತಾರೆ, ಕೊನೆಗೆ ಪಿಸುಗುಡುತ್ತಾರೆ. ಆ ದಿನದ ಕೆಲಸಕ್ಕೆ ಅವರಿಗೆ ಸಿಕ್ಕ ಸಂಭಾವನೆ 30 ಪೌಂಡು. ಹಾಡಿನ ರಚನೆಯಲ್ಲಿ ತಮ್ಮ ಪಾಲಿದೆ ಎಂದು ಅವರು 2004ರಲ್ಲಿ ನ್ಯಾಯಾಲಯಕ್ಕೆ ಹೋದರು, 2005ರಲ್ಲಿ ರಾಜಿಯಾಗಿ ಅವರ ಹೆಸರೂ ರಚನಕಾರರ ಸಾಲಿಗೆ ಸೇರಿತು. ಅದು ಆಗಬೇಕಾದದ್ದೇ. ಆ ಕಂಠವನ್ನು ತೆಗೆದರೆ ಉಳಿಯುವುದು ಪಿಯಾನೊದ ಒಳ್ಳೆಯ ಹಾಸು, ಹಾಡಲ್ಲ.

ಇಷ್ಟೆಲ್ಲ ಸದ್ದುಗಳು ಕೂತದ್ದು ಎರಡಿಂಚು ಅಗಲದ, 16 ಪಥಗಳ ಟೇಪಿನಲ್ಲಿ, ಅಂದರೆ 16 ಸದ್ದುಗಳನ್ನು ಅಕ್ಕಪಕ್ಕ ಬೇರೆಬೇರೆಯಾಗಿ ಹಿಡಿದಿಡುವ ಟೇಪು. ಪಥಗಳು ತುಂಬಿದಾಗ ಡ್ರಮ್ಸಿನಂಥ ಹಲವು ಪಥಗಳನ್ನು ಬೆರೆಸಿ ಎರಡನೆಯ ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಪ್ರತಿ ಇಳಿಕೆಗೂ ಟೇಪಿನ ಮೂಲ 'ಶ್' ಮತ್ತೆ ಸೇರುತ್ತದೆ, ಸಮ ಪ್ರಮಾಣದ ಎರಡು ಸೇರಿದರೆ 3 ಡೆಸಿಬೆಲ್ ಏರಿಕೆ. ಹೃದಯಬಡಿತದಂಥ ಸಣ್ಣ ಸದ್ದಿನಿಂದ ಶುರುವಾಗುವ ಆಲ್ಬಮ್ಮಿಗೆ ಇದು ಸಣ್ಣ ಚಿಂತೆಯಲ್ಲ. ಕೊನೆಯ ಮಿಶ್ರಣದ ಹೊತ್ತಿಗೆ ಗುಂಡಿಗಳನ್ನು ತಾನೇ ಸರಿಸುವ ಕಂಪ್ಯೂಟರ್ ಇರಲಿಲ್ಲ. ಒಂದೊಂದು ಕೈಗೆ ಒಂದೊಂದು ಗುಂಡಿ, ಯಾವ ಕ್ಷಣಕ್ಕೆ ಎಷ್ಟು ಏರಿಸಬೇಕೆಂಬುದು ನೆನಪಿನಲ್ಲಿ. ಒಬ್ಬರ ಕೈ ತಪ್ಪಿದರೆ ಮೊದಲಿಂದ. ಸದ್ದು ಒಣಗಿರಬೇಕೇ, ಪ್ರತಿಧ್ವನಿಯಲ್ಲಿ ನೆನೆದಿರಬೇಕೇ ಎಂಬುದರಲ್ಲಿ ತಂಡದೊಳಗೆ ಒಮ್ಮತವಿರಲಿಲ್ಲ: ವಾಟರ್ಸ್ ಒಣಗಿದ ಕಡೆಗೆ, ಗಿಲ್ಮೋರ್ ನೆನೆದ ಕಡೆಗೆ. ಹೊರಗಿನ ಕಿವಿ ಬೇಕೆಂದು ಆಲ್ಬಮ್ ನಿರ್ಮಾಪಕ ಕ್ರಿಸ್ ಥಾಮಸ್ ಅವರನ್ನು ಕರೆಸಿದರು. ಈಗ ಕೇಳುವ ಹದ ಎರಡರ ನಡುವಿನದು, ಮಾತುಗಳು ಎದುರಿಗೇ ಇವೆ, ಗಿಟಾರು ದೂರದ ಗುಡ್ಡದಿಂದ ಬರುತ್ತದೆ.

ಕೇಳುವವರಿಗೆ ಕೆಲವು ಸೂಚನೆ. ಆರಂಭದ ಬಡಿತ ಮೇಸನ್ ಅವರ ದೊಡ್ಡ ಡ್ರಮ್ಮನ್ನು ಮೆತ್ತನೆಯ ಕೋಲಿನಿಂದ ಬಡಿದದ್ದು, ಬಹಳ ಕೆಳಗಿನ ಕಂಪನ. ಫೋನಿನ ಪುಟ್ಟ ಸ್ಪೀಕರಿಗೆ ಆ ಕಂಪನ ನಿಲುಕುವುದೇ ಇಲ್ಲ, ಆಲ್ಬಮ್ ನಿಶ್ಶಬ್ದದಿಂದ ಶುರುವಾದಂತೆ ಅನಿಸುತ್ತದೆ. ಹೆಡ್‌ಫೋನ್ ಆಗಲಿ, ದೊಡ್ಡ ಸ್ಪೀಕರ್ ಆಗಲಿ ಬೇಕು. ಸ್ಪೀಕರಾದರೆ ಎರಡರ ನಡುವಿನ ದೂರವೂ ನಿಮ್ಮಿಂದ ಒಂದೊಂದಕ್ಕಿರುವ ದೂರವೂ ಸಮ ಇರಲಿ, ಎರಡು ಮೀಟರ್ ಸಾಕು. ಬಡಿತ ಕೇಳುತ್ತಿಲ್ಲವೆಂದು ಧ್ವನಿ ಏರಿಸಿದರೆ ಹತ್ತು ನಿಮಿಷದೊಳಗೆ ಗಡಿಯಾರಗಳು ಕಿವಿಗೆ ಬಡಿಯುತ್ತವೆ. ಮೊದಲು ಗಡಿಯಾರಗಳ ಜಾಗಕ್ಕೆ ಹೋಗಿ ಸಹಿಸುವಷ್ಟು ಧ್ವನಿ ಹೊಂದಿಸಿಕೊಂಡು ಆಮೇಲೆ ಆರಂಭಕ್ಕೆ ಬನ್ನಿ. ಫೋನಿನ ಆ್ಯಪಿನಲ್ಲಿ ಶಫಲ್ ತೆಗೆದುಹಾಕಿ, ಒಂದು ಹಾಡನ್ನು ಇನ್ನೊಂದರೊಳಗೆ ಕರಗಿಸುವ ಕ್ರಾಸ್‌ಫೇಡ್ ಕೂಡ ಬೇಡ, ಹಾಡುಗಳ ನಡುವೆ ಮೌನ ಬಾರದಂತೆ ನುಡಿಸುವ ಗ್ಯಾಪ್‌ಲೆಸ್ ಇದ್ದರೆ ಇರಲಿ. ಹಳೆಯ ಎಂಪಿ3 ಕಡತಗಳಲ್ಲಿ ಹಾಡುಗಳ ಸಂದಿಯಲ್ಲಿ ಚಿಟಿಕೆಯಷ್ಟು ಮೌನ ಬರುವುದು ಆ ಪದ್ಧತಿ ಸದ್ದನ್ನು 1152 ಮಾದರಿಗಳ ಪೊಟ್ಟಣಗಳಾಗಿ ಕಟ್ಟುವುದರಿಂದ. ಕೊನೆಯ ಪೊಟ್ಟಣ ತುಂಬದಿದ್ದರೆ ಮೌನದಿಂದ ತುಂಬಿಸುತ್ತದೆ. ಒಂದು ಪೊಟ್ಟಣದ ಕಾಲ 26 ಮಿಲಿಸೆಕೆಂಡು, ಪಾರ್ಸನ್ಸ್ ಅವರ ಟೇಪಿನಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರು.

ಎಲ್‌ಪಿಯಲ್ಲಿ ಕೇಳುವವರಿಗೆ ಬೇರೆ ಲೆಕ್ಕ. ತಟ್ಟೆ ನಿಮಿಷಕ್ಕೆ 33⅓ ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ತೋಡು ಸರಿದರೆ, ಒಳತುದಿಯಲ್ಲಿ 21 ಸೆಂ.ಮೀ. ಮಾತ್ರ. ಅದೇ ಒಂದು ಸೆಕೆಂಡು ಒಳಗೆ ಹೋದಂತೆ ಕುಗ್ಗುತ್ತದೆ. 10,000 ಹರ್ಟ್ಸಿನ ಒಂದು ಅಲೆ ಹೊರಗೆ 51 ಮೈಕ್ರಾನ್ ಉದ್ದವಿದ್ದದ್ದು ಒಳಗೆ 21ಕ್ಕೆ ಇಳಿಯುತ್ತದೆ, ಸವೆದ ಮುಳ್ಳು ಆ ತಿರುವುಗಳೊಳಗೆ ಇಳಿಯಲಾರದೆ ಸದ್ದು ಗೊಗ್ಗರಾಗುತ್ತದೆ. ಈ ಆಲ್ಬಮ್ಮಿನಲ್ಲಿ ಎಲ್ಲ ವಾದ್ಯ, ಎಲ್ಲ ಕಂಠಗಳೂ ಒಟ್ಟಾಗಿ ಮೇಲೇಳುವ 'ಎಕ್ಲಿಪ್ಸ್' ಬರುವುದು ಸರಿಯಾಗಿ ಆ ಇಕ್ಕಟ್ಟಿನಲ್ಲೇ. ಮುಳ್ಳಿನ ಭಾರವನ್ನು ಅದನ್ನು ಹಿಡಿದಿರುವ ಕಾರ್ಟ್ರಿಜ್‌ನ ತಯಾರಕರು ಹೇಳಿದಷ್ಟಕ್ಕೇ ಇಡಿ. ಹಗುರ ಇಟ್ಟರೆ ತಟ್ಟೆ ಉಳಿಯುತ್ತದೆ ಎಂಬುದು ತಪ್ಪು. ಹಗುರವಾದ ಮುಳ್ಳು ತೋಡಿನಲ್ಲಿ ಪುಟಿದು ಗೋಡೆಗಳನ್ನು ಇನ್ನಷ್ಟು ಕೆತ್ತುತ್ತದೆ.

'ಎಕ್ಲಿಪ್ಸ್' ಮುಗಿದ ಮೇಲೆ ಮತ್ತೆ ಅದೇ ಬಡಿತ ಉಳಿಯುತ್ತದೆ, ನಿಧಾನವಾಗಿ ತಗ್ಗುತ್ತ. ಡಿಜಿಟಲ್ ಕಡತವನ್ನು ಪುನರಾವರ್ತನೆಗೆ ಹಾಕಿಟ್ಟರೆ ಕೊನೆಯ ಬಡಿತ ಮೊದಲ ಬಡಿತಕ್ಕೆ ಸೇರಿ 43 ನಿಮಿಷದ ಇಡೀ ಕೃತಿಯೇ ಒಂದು ಲೂಪ್ ಆಗುತ್ತದೆ. ಸೆಕೆಂಡಿಗೆ 38.1 ಸೆಂ.ಮೀ.ನಂತೆ ಆ ಬಳೆಯ ಉದ್ದ ಲೆಕ್ಕ ಹಾಕಿದರೆ 980 ಮೀಟರ್ ದಾಟುತ್ತದೆ. ಎಲ್‌ಪಿಯಲ್ಲಿ ಅದು ಸಾಧ್ಯವಿಲ್ಲ. ಎರಡನೆಯ ಮಗ್ಗುಲಿನಲ್ಲಿ ಸುಮಾರು 785 ಸುತ್ತು ಸುತ್ತಿದ ಮುಳ್ಳು ಒಳಗಿನ ಖಾಲಿ ತೋಡಿಗೆ ಬಂದು ಟಿಕ್, ಟಿಕ್ ಎನ್ನುತ್ತ 1.8 ಸೆಕೆಂಡಿಗೊಮ್ಮೆ ತಿರುಗುತ್ತಿರುತ್ತದೆ, ಯಾರಾದರೂ ಎದ್ದು ಬಂದು ಎತ್ತುವವರೆಗೆ.